ಶಿವಮೊಗ್ಗ ಭದ್ರಾವತಿಗಳ ಆಕಾಶವೂ ಡ್ರೋನ್ ನಿಯಮಗಳೂ

ತುಂಗೆಯ ತಡಿಯಲ್ಲಿ ಶಿವಮೊಗ್ಗ, ಭದ್ರೆಯ ತಡಿಯಲ್ಲಿ ಭದ್ರಾವತಿ. ಇವೆರಡರ ನಡುವಣ ದಾರಿಯು ಸುಮಾರು ೨೦ ಕಿಲೋಮೀಟರುಗಳಷ್ಟು. ಈ ಎರಡು ಊರುಗಳ ನಡುವೆ, ಸೋಗಾನೆಯೆಂಬ ಗ್ರಾಮದಲ್ಲಿ, ೨೦೨೩ನೆಯ ಇಸವಿ ಫೆಬ್ರವರಿ ೨೭ರಂದು ರಾಷ್ಟ್ರಕವಿ ಕುವೆಂಪುರವರ ಹೆಸರನ್ನು ಹೊತ್ತ ವಿಮಾನ ನಿಲ್ದಾಣವು ಉದ್ಘಾಟಿತವಾಯಿತು; ಅದೇ ವರ್ಷದ ಆಗಸ್ಟ್ ೩೧ರಂದು ಬೆಂಗಳೂರಿನಿಂದ ಹೊರಟ ಮೊದಲನೆಯ ನಿಯತ ಪ್ರಯಾಣಿಕ ವಿಮಾನವು ಅಲ್ಲಿ ಬಂದಿಳಿಯಿತು. ಮಲೆನಾಡಿನ ಜನಕ್ಕೆ ಇದರಿಂದ ಒದಗಿದ ಸೌಕರ್ಯವನ್ನು ಕುರಿತು ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಪರಿಣಾಮವೂ ಉಂಟು. ಡ್ರೋನೆಂಬ ಪುಟ್ಟ ಹಾರುವ ಯಂತ್ರವನ್ನು ಈ ಎರಡು ನಗರಗಳಲ್ಲಿ ಎಲ್ಲಿ, ಎಷ್ಟು ಎತ್ತರಕ್ಕೆ, ಯಾರ ಅಪ್ಪಣೆಯಿಂದ ಹಾರಿಸಬಹುದೆಂಬ ವಿಷಯದಲ್ಲಿ ಕಾನೂನಿನ ಅರ್ಥವು ಆಗ ಬದಲಾಯಿತು. ಅದರ ಪಾಠದಲ್ಲಿ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ. ೨೦೨೧ರಲ್ಲಿ ಹೊರಟ ನಿಯಮವೇ ೨೦೨೩ರಲ್ಲಿಯೂ ಇದ್ದಿತು. ಅದರಲ್ಲಿನ "ಕಾರ್ಯನಿರತ ವಿಮಾನ ನಿಲ್ದಾಣ" ಎಂಬ ಮಾತಿಗೆ ಈ ಸೀಮೆಯಲ್ಲಿ ಅದುವರೆಗೆ ತೋರಿಸತಕ್ಕ ವಸ್ತುವಿರಲಿಲ್ಲ, ಆಮೇಲೆ ಬಂದಿತು. ಪಾಠವು ನಿಂತಲ್ಲಿಯೇ ನಿಂತಿರಲು ಅರ್ಥವು ಮುಂದೆ ನಡೆದುಹೋಗುವ ಇಂತಹ ಪ್ರಸಂಗವು ಪ್ರಾಚೀನ ಗ್ರಂಥಗಳನ್ನು ವ್ಯಾಖ್ಯಾನಿಸುವವರಿಗೆ ಹೊಸತೇನೂ ಅಲ್ಲ.

ಡ್ರೋನ್ ಎಂಬ ಇಂಗ್ಲಿಷು ಶಬ್ದಕ್ಕೆ ಗಂಡು ಜೇನುನೊಣವೆಂದು ಹಳೆಯ ಅರ್ಥ. ಯಂತ್ರವು ಹಾರುವಾಗ ಹೊರಡುವ ಗುಂಯ್ ಎಂಬ ಸದ್ದನ್ನು ಒಮ್ಮೆ ಕೇಳಿದವರಿಗೆ ಈ ಹೆಸರು ಹೊಂದುವುದೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಕಾನೂನು ಇದನ್ನು ಮಾನವರಹಿತ ವಿಮಾನವೆಂದು ಕರೆಯುತ್ತದೆ. ನೆಲದ ಮೇಲೆ ನಿಂತು ಅದನ್ನು ನಡೆಯಿಸುವಾತನನ್ನು ದೂರಚಾಲಕನೆನ್ನಬಹುದು. ಮದುವೆಯ ಛಾಯಾಚಿತ್ರಗಾರರು, ಅಡಿಕೆ ತೋಟಗಳವರು, ಭೂಮಾಪನ ಇಲಾಖೆಯವರು, ಪೋಲೀಸಿನವರು, ಎಲ್ಲರೂ ಈಗ ಇದನ್ನು ಬಳಸುತ್ತಾರೆ. ಗ್ರಾಮಗಳ ಮನೆನಿವೇಶನಗಳನ್ನು ಡ್ರೋನಿನಿಂದ ಅಳೆದು ಹಕ್ಕುಪತ್ರ ಕೊಡುವ ಸ್ವಾಮಿತ್ವ ಯೋಜನೆಯು ೨೦೨೦ರ ಏಪ್ರಿಲ್ ೨೪ರಂದು ಆರಂಭವಾಯಿತು.

ವಿದ್ವಾಂಸರಿಗೂ ಇದರಿಂದ ಆಗತಕ್ಕ ಕೆಲಸವುಂಟು. ಬಿ. ಎಲ್. ರೈಸರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ಣಾಟಿಕದ ೭ ಮತ್ತು ೮ನೆಯ ಸಂಪುಟಗಳಲ್ಲಿ ೧೯೦೨ ಮತ್ತು ೧೯೦೪ರಲ್ಲಿ ಪ್ರಕಟಿಸಿದರು. ಆ ಕಾಲದ ಶೋಧಕರು ಕಲ್ಲಿನೆದುರಿಗೆ ನಿಂತು ಅಚ್ಚು ತೆಗೆದರು; ಕಲ್ಲಿನ ಸುತ್ತಲಿನ ಊರು ಹೇಗೆ ಹಬ್ಬಿತ್ತು, ಕೋಟೆಯ ಕಂದಕವು ಯಾವ ಕಡೆಗೆ ತಿರುಗುತ್ತಿತ್ತು, ಕೆರೆಯ ಏರಿಯು ಎಲ್ಲಿ ಒಡೆದಿತ್ತು ಎಂಬುದನ್ನು ಮೇಲಿನಿಂದ ನೋಡುವ ಸಾಧನವು ಅವರಿಗಿರಲಿಲ್ಲ. ಈಗಿನವರಿಗೆ ಅದು ಕೈಗೆಟುಕುವ ಬೆಲೆಯಲ್ಲಿ ದೊರೆಯುತ್ತದೆ. ಆದರೆ ಶಾಸ್ತ್ರಕಾರ್ಯಕ್ಕಾಗಿ ಹಾರಿಸಿದರೂ ನಿಯಮಭಂಗವು ನಿಯಮಭಂಗವೇ. ನಿಯಮಗಳು ಭಾರತ ಸರ್ಕಾರದ ಗೆಜೆಟ್ಟಿನಲ್ಲಿ ಹಿಂದಿ ಇಂಗ್ಲಿಷುಗಳಲ್ಲಿ ಪ್ರಕಟವಾಗಿವೆ. ಅವುಗಳನ್ನು ಕನ್ನಡದಲ್ಲಿ ಪದಶಃ ಬಿಡಿಸಿ ನೋಡುವುದು ಆದುದರಿಂದ ಉಪಯುಕ್ತವಾಗಬಹುದು.

ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ತನ್ನ ಹಿತ್ತಲಿನ ಮೇಲಣ ಆಕಾಶವು ತನ್ನದಲ್ಲವೆ, ಅದರಲ್ಲಿ ಹಾರಿಸಲು ಅನ್ಯರ ಅಪ್ಪಣೆಯೇಕೆ ಎಂಬುದು. ನೆಲವು ಯಾರದೋ ಅದರ ಮೇಲೆ ಸ್ವರ್ಗದವರೆಗೆ ಇರುವುದೆಲ್ಲವೂ ಅವರದೇ ಎಂಬ ಲ್ಯಾಟಿನ್ ನ್ಯಾಯವೊಂದು ಪಾಶ್ಚಾತ್ಯ ವ್ಯವಹಾರಶಾಸ್ತ್ರದಲ್ಲಿ ಬಹುಕಾಲ ನಡೆದುಬಂದಿತ್ತು. ವಿಮಾನಗಳು ಬಂದ ಮೇಲೆ ಅದು ನಿಲ್ಲಲಾರದೆ ಹೋಯಿತು. ೧೯೧೯ರ ಪ್ಯಾರಿಸ್ ಒಪ್ಪಂದವು ತನ್ನ ನೆಲದ ಮೇಲಣ ಆಕಾಶದಲ್ಲಿ ಪ್ರತಿಯೊಂದು ರಾಜ್ಯಕ್ಕೂ ಸಂಪೂರ್ಣ ಪ್ರಭುತ್ವವುಂಟೆಂದು ಸಾರಿತು. ಅಮೆರಿಕದ ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ ಕಾಸ್ಬಿಯೆಂಬ ರೈತನ ಕೋಳಿಗಳು ಸೇನೆಯ ವಿಮಾನಗಳ ಅಬ್ಬರಕ್ಕೆ ಬೆದರಿ ಗೋಡೆಗೆ ಹಾರಿ ಸಾಯುತ್ತಿದ್ದುವು. ಅವನು ಹೂಡಿದ ವ್ಯಾಜ್ಯದಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ೧೯೪೬ರಲ್ಲಿ ತೀರ್ಪಿತ್ತು, ಸ್ವರ್ಗದವರೆಗಿನ ಒಡೆತನವು ಈಗಿನ ಕಾಲಕ್ಕೆ ಸಲ್ಲದೆಂದಿತು. ನೆಲವನ್ನು ನೆಮ್ಮದಿಯಿಂದ ಅನುಭವಿಸಲು ಬೇಕಾಗುವಷ್ಟು ಕೆಳಗಣ ಆಕಾಶದಲ್ಲಿ ಮಾತ್ರ ಒಡೆಯನಿಗೆ ಹಕ್ಕುಂಟೆಂದು ಹೇಳಿ ರೈತನ ಪರವಾಗಿ ನಿಂತಿತು. ಆ ಕೆಳಗಣ ಆಕಾಶದಲ್ಲಿಯೇ ಇಂದು ಡ್ರೋನುಗಳು ಹಾರುತ್ತವೆ. ಹಳೆಯ ವಿಮಾನಗಳ ಕಾಲದಲ್ಲಿ ಬಗೆಹರಿದಂತೆ ತೋರಿದ ಜಗಳವು ಮತ್ತೆ ಹಿತ್ತಲಿಗೆ ಬಂದು ನಿಂತಿದೆ ಎನ್ನಬೇಕು.

ಚಾಲಕನಿಲ್ಲದ ವಿಮಾನದ ಯೋಚನೆಯೂ ಇತ್ತೀಚಿನದಲ್ಲ. ೧೯೪೪ರ ಡಿಸೆಂಬರ್ ೭ರಂದು ಷಿಕಾಗೋ ನಗರದಲ್ಲಿ ರುಜುವಾದ ಅಂತರರಾಷ್ಟ್ರೀಯ ಒಡಂಬಡಿಕೆಯ ೮ನೆಯ ಪ್ರಕರಣವು, ಚಾಲಕನಿಲ್ಲದೆ ಹಾರಬಲ್ಲ ವಿಮಾನವನ್ನು ಒಂದು ರಾಜ್ಯದ ಮೇಲೆ ಆ ರಾಜ್ಯದ ವಿಶೇಷ ಅನುಮತಿಯಿಲ್ಲದೆ ಹಾರಿಸಕೂಡದೆಂದು ವಿಧಿಸಿದೆ. ಅದಕ್ಕೂ ಹತ್ತು ವರ್ಷ ಹಿಂದೆ, ೧೯೩೪ರಲ್ಲಿ, ಭಾರತದ ವಿಮಾನ ಕಾಯಿದೆಯು ವಿಮಾನವೆಂಬ ಪದಕ್ಕೆ ಕೊಟ್ಟ ಲಕ್ಷಣವು ಎಷ್ಟು ಅಗಲವಾಗಿತ್ತೆಂದರೆ ಅದರಲ್ಲಿ ಬೆಲೂನಿನೊಡನೆ ಗಾಳಿಪಟವೂ ಸೇರಿತ್ತು. ಆಷಾಢದ ಗಾಳಿಗೆ ಪಟ ಬಿಡುವ ಹುಡುಗರು ತಾವು ವಿಮಾನ ನಡೆಯಿಸುತ್ತಿರುವೆವೆಂದು ಎಣಿಸಿರಲಾರರು. ಲಕ್ಷಣದ ಈ ಅತಿವ್ಯಾಪ್ತಿಯೇ ಮುಂದೆ ಡ್ರೋನಿಗೆ ಹೊಸ ಕಾಯಿದೆಯನ್ನು ಮಾಡದೆ ಹಳೆಯದರ ಕೆಳಗೆ ನಿಯಮಗಳನ್ನು ಹೊರಡಿಸಲು ಅನುಕೂಲವಾಯಿತು.

ಆ ನಿಯಮಗಳ ಚರಿತ್ರೆಯು ಚಿಕ್ಕದು. ೨೦೧೪ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶಕರು, ನಿಯಮಗಳು ಸಿದ್ಧವಾಗುವ ತನಕ ಸಾಮಾನ್ಯರು ಡ್ರೋನುಗಳನ್ನು ಹಾರಿಸಕೂಡದೆಂದು ಸಾರ್ವಜನಿಕ ಪ್ರಕಟಣೆಯನ್ನು ಹೊರಡಿಸಿದರು. ೨೦೧೮ರ ಆಗಸ್ಟಿನಲ್ಲಿ ಪ್ರಕಟವಾದ ವಿಧಿಗಳು ಅದೇ ವರ್ಷದ ಡಿಸೆಂಬರ್ ೧ರಿಂದ ಜಾರಿಗೆ ಬಂದುವು. ಹಾರಾಟಕ್ಕೆ ದಾರಿ ತೆರೆಯಿತು, ಆದರೆ ಬಾಗಿಲುಗಳು ಹಲವಾಗಿದ್ದುವು. ೨೦೨೧ರ ಮಾರ್ಚಿ ತಿಂಗಳಲ್ಲಿ ಬಂದ ನಿಯಮಗಳಲ್ಲಿ ತುಂಬಬೇಕಾದ ನಮೂನೆಗಳೇ ೨೫ ಇದ್ದುವು. ಅವು ಐದಾರು ತಿಂಗಳು ಕೂಡ ಬಾಳಲಿಲ್ಲ. ಅದೇ ವರ್ಷ ಆಗಸ್ಟ್ ೨೫ರಂದು ಅವುಗಳನ್ನು ತೆಗೆದುಹಾಕಿ "ಡ್ರೋನ್ ನಿಯಮಗಳು, ೨೦೨೧" ಎಂಬ ಹೆಸರಿನಲ್ಲಿ ಹೊಸವನ್ನು ಪ್ರಕಟಿಸಿದರು. ನಮೂನೆಗಳು ೫ಕ್ಕೆ ಇಳಿದುವು. ಸಂಖ್ಯೆಯ ಇಳಿತಕ್ಕಿಂತ ದೊಡ್ಡದಾದುದು ದೃಷ್ಟಿಯ ಬದಲಾವಣೆ. ಮೊದಲು ಎಲ್ಲವೂ ನಿಷಿದ್ಧ, ಅಪ್ಪಣೆ ದೊರೆತುದು ಮಾತ್ರ ವಿಹಿತವೆಂದಿತ್ತು. ಈಗ ಸಾಮಾನ್ಯ ಆಕಾಶವು ತೆರೆದಿರುವುದು, ನಿಷೇಧವಿರುವ ಕಡೆಯನ್ನು ಸರ್ಕಾರವೇ ತೋರಿಸಿಕೊಡಬೇಕು ಎಂದಾಯಿತು. ಉತ್ಸರ್ಗ ಅಪವಾದಗಳು ಸ್ಥಾನ ಬದಲಾಯಿಸಿಕೊಂಡುವೆಂದರೆ ವ್ಯಾಕರಣ ಬಲ್ಲವರಿಗೆ ಬೇಗ ತಿಳಿಯುತ್ತದೆ.

ತೋರಿಸಿಕೊಡುವ ಬಗೆ ಹೇಗೆಂದರೆ, ದೇಶದ ಆಕಾಶವನ್ನೆಲ್ಲ ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ಹಂಚಿದ ನಕ್ಷೆಯಿಂದ. ಈ ನಕ್ಷೆಯನ್ನು ಸರ್ಕಾರವು ೨೦೨೧ರ ಸೆಪ್ಟೆಂಬರ್ ೨೪ರಂದು ಡಿಜಿಟಲ್ ಸ್ಕೈ ಎಂಬ ತನ್ನ ಜಾಲತಾಣದಲ್ಲಿ ಪ್ರಕಟಿಸಿತು. ಕೆಂಪು ಅಥವಾ ಹಳದಿ ಎಂದು ಗುರುತಿಸದ ಕಡೆಯಲ್ಲಿ ನೆಲದಿಂದ ೪೦೦ ಅಡಿಗಳ, ಎಂದರೆ ೧೨೦ ಮೀಟರುಗಳ, ಎತ್ತರದವರೆಗಿನ ಆಕಾಶವು ಹಸಿರು. ಅಲ್ಲಿ ಹಾರಾಟಕ್ಕೆ ಮುಂಗಡ ಅನುಮತಿ ಬೇಡ. ಹಳದಿಯಲ್ಲಿ ವಿಮಾನಸಂಚಾರವನ್ನು ನಿಯಂತ್ರಿಸುವ ಅಧಿಕಾರಿಗಳ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿಯ ಹೊರತು ಹಾರಿಸುವಂತಿಲ್ಲ. ಹಸಿರು ನೆಲದ ಮೇಲೆಯೂ ೪೦೦ ಅಡಿಗಳನ್ನು ಮೀರಿದರೆ ಆಕಾಶವು ಹಳದಿಯಾಗುತ್ತದೆಂಬುದನ್ನು ನೆನಪಿಡಬೇಕು. ಬಣ್ಣಗಳು ನಕ್ಷೆಯ ಮೇಲೆ ಚಪ್ಪಟೆಯಾಗಿ ಕಂಡರೂ ಕಾನೂನಿನಲ್ಲಿ ಅವು ಪದರ ಪದರವಾಗಿ ಮೇಲೇರುವುವು.

ವಿಮಾನ ನಿಲ್ದಾಣದ ಸುತ್ತ ಈ ಪದರಗಳು ತೆಳುವಾಗುತ್ತ ಬರುತ್ತವೆ. ಕಾರ್ಯನಿರತ ನಿಲ್ದಾಣದ ಸರಹದ್ದಿನಿಂದ ೮ ಕಿಲೋಮೀಟರಿಗೂ ೧೨ ಕಿಲೋಮೀಟರಿಗೂ ನಡುವಣ ಬಳೆಯಂತಹ ಭಾಗದಲ್ಲಿ ೨೦೦ ಅಡಿಗಳವರೆಗೆ, ಎಂದರೆ ೬೦ ಮೀಟರುಗಳವರೆಗೆ, ಹಸಿರು. ಅದರ ಮೇಲೆ ಹಳದಿ. ೫ರಿಂದ ೮ ಕಿಲೋಮೀಟರುಗಳ ನಡುವೆ ನೆಲದಿಂದಲೇ ಹಳದಿ. ಅಲ್ಲಿ ಮೊಣಕಾಲೆತ್ತರಕ್ಕೆ ಹಾರಿಸುವುದಕ್ಕೂ ಅನುಮತಿ ಬೇಕು. ನಕ್ಷೆಯ ಜೊತೆಗೆ ಬಂದ ವಿವರಣೆಯಲ್ಲಿ ೫ ಕಿಲೋಮೀಟರಿನ ಒಳಗಣ ಭಾಗವನ್ನು ಹಸಿರಿನ ಲಕ್ಷಣವೂ ಹಿಡಿಯದು, ಹಳದಿಯ ಲಕ್ಷಣವೂ ಹಿಡಿಯದು, ಉಳಿದುದು ಕೆಂಪೊಂದೇ. ಹಿಂದಿನ ನಿಯಮಗಳ ಕಾಲದಲ್ಲಿ ಹಳದಿಯ ಹರವು ನಿಲ್ದಾಣದಿಂದ ೪೫ ಕಿಲೋಮೀಟರಿನವರೆಗೆ ಇದ್ದಿತು. ಅದನ್ನು ೧೨ಕ್ಕೆ ಇಳಿಸದೆ ಇದ್ದಿದ್ದರೆ ಸೋಗಾನೆಯ ನಿಲ್ದಾಣವೊಂದೇ ಜಿಲ್ಲೆಯ ದೊಡ್ಡ ಭಾಗವನ್ನು ನುಂಗುತ್ತಿತ್ತು.

ಇಲ್ಲಿ ಎರಡು ಪದಗಳನ್ನು ಅವಸರವಿಲ್ಲದೆ ಓದಬೇಕು. ಒಂದು, ಸರಹದ್ದು. ದೂರವನ್ನು ನಿಲ್ದಾಣದ ನಡುವಿನಿಂದ ಅಳೆಯತಕ್ಕದ್ದಲ್ಲ, ಅದರ ಹೊರ ಆವರಣದ ಅಂಚಿನಿಂದ ಅಳೆಯತಕ್ಕದ್ದು. ಸೋಗಾನೆಯ ಓಡುದಾರಿಯೇ ೩ ಕಿಲೋಮೀಟರುಗಳನ್ನು ಮೀರಿದೆ. ಇಂತಹ ಆವರಣದಲ್ಲಿ ನಡುವಿಗೂ ಅಂಚಿಗೂ ಇರುವ ವ್ಯತ್ಯಾಸವು ಒಂದು ಬಡಾವಣೆಯನ್ನು ಒಂದು ಬಣ್ಣದಿಂದ ಇನ್ನೊಂದಕ್ಕೆ ದಾಟಿಸಲು ಸಾಕು. ಮತ್ತೊಂದು, ಅಡ್ಡದೂರ. ಇದು ನೆಲದ ಮೇಲೆ ನೇರವಾಗಿ ಗೆರೆಯೆಳೆದು ಅಳೆಯುವ ದೂರ. ಮೋಟಾರಿನಲ್ಲಿ ಹೋಗಿ ಮೈಲಿಗಲ್ಲು ಎಣಿಸುವ ದೂರವಲ್ಲ. ರಸ್ತೆಯ ಲೆಕ್ಕದಲ್ಲಿ ಹದಿನಾಲ್ಕು ಹದಿನೈದು ಕಿಲೋಮೀಟರು ದೂರವೆಂದು ತೋರುವ ಊರೊಂದು ನೇರ ಗೆರೆಯಲ್ಲಿ ಹನ್ನೆರಡರ ಒಳಗೆ ಬೀಳುವುದು ಮಲೆನಾಡಿನ ಬಳಸುದಾರಿಗಳಲ್ಲಿ ಸಾಮಾನ್ಯ.

ಹೀಗೆ ಅಳೆದರೆ ಶಿವಮೊಗ್ಗವೂ ಭದ್ರಾವತಿಯೂ ಬಹುಮಟ್ಟಿಗೆ ೧೨ ಕಿಲೋಮೀಟರಿನ ಸುತ್ತಿನೊಳಗೆ ಸೇರುವುವು. ಶಿವಮೊಗ್ಗದಿಂದ ನಿದಿಗೆಯ ಕಡೆಗೆ ಹೊರಟವರು ಹೆಜ್ಜೆಹೆಜ್ಜೆಗೂ ನಿಲ್ದಾಣಕ್ಕೆ ಸಮೀಪಿಸುತ್ತಾರೆ. ೮ ಕಿಲೋಮೀಟರಿನ ಗೆರೆಯು ನಗರದ ಜನವಸತಿಯನ್ನೇ ಕತ್ತರಿಸಿಕೊಂಡು ಹೋಗುವಂತಹದು. ಒಂದೇ ನಗರದಲ್ಲಿ ಒಬ್ಬ ಉಪಾಧ್ಯಾಯರು ತಮ್ಮ ಶಾಲೆಯ ಮೈದಾನದಿಂದ ೫೦ ಮೀಟರು ಎತ್ತರಕ್ಕೆ ಯಾರನ್ನೂ ಕೇಳದೆ ಹಾರಿಸಬಹುದು. ಅವರ ಸ್ನೇಹಿತರು ಊರಿನ ಇನ್ನೊಂದು ತುದಿಯಲ್ಲಿ ಅದೇ ಯಂತ್ರವನ್ನು ಅದೇ ಎತ್ತರಕ್ಕೆ ಏರಿಸಿದರೆ ತಪ್ಪಿತಸ್ಥರಾಗಬಹುದು. ೨೦೨೨ರಲ್ಲಿ ಇಬ್ಬರಿಗೂ ನಿಲ್ದಾಣದ ಕಾರಣದಿಂದ ಯಾವ ಅಡ್ಡಿಯೂ ಇರಲಿಲ್ಲ. ಆಗ ನಿಯಮವನ್ನು ಸರಿಯಾಗಿ ಓದಿಕೊಂಡು ಹಾರಿಸುತ್ತಿದ್ದವರೇ ಈಗ ಹೆಚ್ಚು ಮೋಸಹೋಗತಕ್ಕವರು. ತಿಳಿಯದವರು ಕೇಳಿಯಾರು, ತಿಳಿದೆವೆಂದುಕೊಂಡವರು ಕೇಳರು. ಇದನ್ನು ತಡೆಯಲೆಂದೇ ಇರಬೇಕು, ಪ್ರತಿಯೊಂದು ಹಾರಾಟಕ್ಕೂ ಮುಂಚೆ ದೂರಚಾಲಕನು ಆ ಸ್ಥಳಕ್ಕೆ ಯಾವ ಪ್ರಕಟಣೆಯಾಗಲಿ ನಿರ್ಬಂಧವಾಗಲಿ ಇದೆಯೇ ಎಂದು ಡಿಜಿಟಲ್ ಸ್ಕೈಯಲ್ಲಿ ಕಡ್ಡಾಯವಾಗಿ ನೋಡಿಕೊಳ್ಳತಕ್ಕದ್ದೆಂದು ನಿಯಮವು ವಿಧಿಸುತ್ತದೆ. ನಿನ್ನೆ ನೋಡಿದ್ದು ಇವತ್ತಿಗೆ ಪ್ರಮಾಣವಲ್ಲ.

ಪ್ರಮಾಣವಲ್ಲವೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ತುರ್ತಾದ ಅಗತ್ಯ ಬಿದ್ದಾಗ ರಾಜ್ಯ ಸರ್ಕಾರವಾಗಲಿ ಪೋಲೀಸಿನವರಾಗಲಿ ಒಂದು ಪ್ರದೇಶವನ್ನು ತಾತ್ಕಾಲಿಕವಾದ ಕೆಂಪು ವಲಯವೆಂದು ಸಾರಬಹುದು. ಒಂದು ಸಲಕ್ಕೆ ಇದರ ಅವಧಿ ೯೬ ಗಂಟೆಗಳನ್ನು ಮೀರಕೂಡದು. ಸಾರುವ ಅಧಿಕಾರಿಯು ಪೋಲೀಸು ಸೂಪರಿಂಟೆಂಡೆಂಟರಿಗಿಂತ ಕೆಳಗಿನವರಾಗಿರಕೂಡದು. ಪ್ರದೇಶದ ವಿಸ್ತಾರವು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಗಣ್ಯರು ಬರುವ ದಿನ, ಗಣಪತಿಯನ್ನು ವಿಸರ್ಜಿಸುವ ಮೆರವಣಿಗೆಯ ದಿನ, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ನಡೆಯುವ ದಿನ, ಇಂತಹ ಸಮಯಗಳಲ್ಲಿ ಈ ಅಧಿಕಾರವನ್ನು ಉಪಯೋಗಿಸಬಹುದು. ಜಾನಪದವನ್ನು ಅಭ್ಯಾಸ ಮಾಡುವವರು ಚಿತ್ರ ತೆಗೆಯಬೇಕೆಂದು ಹಂಬಲಿಸುವ ದಿನಗಳೂ ಅವೇ ಎಂಬುದು ವಿಷಾದಕರ. ಆದರೆ ಸಾವಿರಾರು ತಲೆಗಳ ಮೇಲೆ, ತಿರುಗುವ ರೆಕ್ಕೆಗಳುಳ್ಳ ಯಂತ್ರವನ್ನು ಬ್ಯಾಟರಿಯ ನಂಬಿಕೆಯ ಮೇಲೆ ನಿಲ್ಲಿಸುವುದು ಕೆಂಪು ವಲಯವಿಲ್ಲದಿದ್ದರೂ ವಿವೇಕವೆನಿಸದು. ಜನರ ಅಥವಾ ಸ್ವತ್ತಿನ ಕ್ಷೇಮಕ್ಕೆ ಅಪಾಯವಾಗುವಂತೆ ಹಾರಿಸಕೂಡದೆಂಬ ಸಾಮಾನ್ಯ ವಿಧಿಯು ಎಲ್ಲ ಬಣ್ಣಗಳಲ್ಲಿಯೂ ಅನ್ವಯಿಸುತ್ತದೆ.

ಸ್ಥಳದ ವಿಚಾರವಾಯಿತು; ಇನ್ನು ಯಂತ್ರದ ವಿಚಾರ. ತೂಕದ ಮೇಲೆ ಡ್ರೋನುಗಳು ಐದು ಬಗೆ. ೨೫೦ ಗ್ರಾಮುಗಳವರೆಗೆ ನ್ಯಾನೋ, ಅಲ್ಲಿಂದ ೨ ಕಿಲೋಗ್ರಾಮುಗಳವರೆಗೆ ಮೈಕ್ರೋ, ೨೫ರವರೆಗೆ ಸಣ್ಣದು, ೧೫೦ರವರೆಗೆ ಮಧ್ಯಮ, ಅದಕ್ಕೂ ಮೇಲೆ ದೊಡ್ಡದು. ತೂಕವೆಂದರೆ ಹೊತ್ತ ಸಾಮಾನುಗಳೂ ಸೇರಿದ ಒಟ್ಟು ತೂಕ. ೨೪೯ ಗ್ರಾಮಿನದೆಂದು ಕೊಂಡುತಂದ ಯಂತ್ರಕ್ಕೆ ರೆಕ್ಕೆಗಾವಲೊಂದನ್ನು ತೊಡಿಸಿದರೆ ಅದು ನ್ಯಾನೋ ಜಾತಿಯಿಂದ ಮೈಕ್ರೋ ಜಾತಿಗೆ ಸೇರುವುದು. ಆಗ ಯಾರಿಗಾದರೂ ಹಾನಿಯಾದರೆ ಪರಿಹಾರ ಕೊಡಲು ಬೇಕಾದ ಮೂರನೆಯವರ ವಿಮೆಯೂ ಕಡ್ಡಾಯವಾಗುತ್ತದೆ. ನ್ಯಾನೋಗೆ ಆ ವಿಮೆಯಿಂದ ವಿನಾಯಿತಿಯುಂಟು. ಮೈಕ್ರೋ ಮತ್ತು ಅದರ ಮೇಲಿನವುಗಳಿಗೆ ವಿಶಿಷ್ಟವಾದ ಗುರುತಿನ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ನಿಯಮಗಳು ಗೊತ್ತುಮಾಡಿದ ಶುಲ್ಕ ೧೦೦ ರೂಪಾಯಿ.

ಹಾರಿಸುವವನ ಯೋಗ್ಯತೆಯ ಪ್ರಕರಣದಲ್ಲಿ ೨೦೨೧ರ ಪಾಠದಲ್ಲಿ ದೂರಚಾಲಕನ ಲೈಸೆನ್ಸೆಂದಿತ್ತು. ೨೦೨೨ರ ಫೆಬ್ರವರಿ ೧೧ರ ತಿದ್ದುಪಡಿಯಿಂದ ಲೈಸೆನ್ಸು ಹೋಗಿ, ಮಾನ್ಯತೆ ಪಡೆದ ಶಿಕ್ಷಣಸಂಸ್ಥೆಯು ಕೊಡುವ ಪ್ರಮಾಣಪತ್ರವೇ ಸಾಕೆಂದಾಯಿತು. ವಯಸ್ಸು ೧೮ಕ್ಕೆ ಕಡಮೆಯಿಲ್ಲದೆ ೬೫ನ್ನು ಮೀರದೆ ಇರಬೇಕು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. ಪತ್ರವು ಹತ್ತು ವರ್ಷ ಸಲ್ಲುತ್ತದೆ. ನ್ಯಾನೋ ಹಾರಿಸುವವರಿಗೆ ಈ ಪತ್ರ ಬೇಡ. ಮೈಕ್ರೋವನ್ನು ವ್ಯಾಪಾರೋದ್ದೇಶವಿಲ್ಲದೆ ಹಾರಿಸುವವರಿಗೂ ಬೇಡ. ವ್ಯಾಪಾರೋದ್ದೇಶವೆಂಬ ಈ ಮಾತಿನಲ್ಲಿ ವಿದ್ವಾಂಸರು ಎಡವುವುದು ಸುಲಭ. ತನ್ನ ಪ್ರಬಂಧಕ್ಕಾಗಿ ದೇವಾಲಯದ ಚಿತ್ರ ತೆಗೆದವನಿಗೆ ವ್ಯಾಪಾರವಿಲ್ಲವೆಂಬುದು ನಿಜವೇ. ಅದೇ ಚಿತ್ರಗಳನ್ನು ಪ್ರಕಾಶಕನಿಗೆ ಹಣಕ್ಕೆ ಕೊಡಲೆಂದೇ ಹಾರಿಸಿದರೆ, ಅಥವಾ ಸಂಭಾವನೆ ಕೊಟ್ಟು ಛಾಯಾಚಿತ್ರಗಾರನನ್ನು ಕರೆತಂದರೆ, ವ್ಯಾಪಾರವಿಲ್ಲವೆಂದು ವಾದಿಸುವುದು ಕಷ್ಟ. ಕರೆತಂದವನಲ್ಲಿ ಪ್ರಮಾಣಪತ್ರವಿದೆಯೇ ಎಂದು ಕೇಳಿಕೊಳ್ಳುವುದು ಲೇಸು.

ಸಂಶೋಧನೆಗೆ ಪ್ರತ್ಯೇಕ ವಿನಾಯಿತಿಯುಂಟೆಂದು ಕೇಳಿ ಸಂತೋಷಪಟ್ಟವರು ಅದರ ಪಾಠವನ್ನೂ ಒಮ್ಮೆ ನೋಡಬೇಕು. ಸರ್ಕಾರದ ಮಾನ್ಯತೆಯುಳ್ಳ ವಿದ್ಯಾಸಂಸ್ಥೆಗಳೂ ಸಂಶೋಧನಸಂಸ್ಥೆಗಳೂ ಸಂಶೋಧನೆ ಮತ್ತು ಅಭಿವೃದ್ಧಿಯ ಸಲುವಾಗಿ ಹಾರಿಸುವಾಗ ಗುರುತಿನ ಸಂಖ್ಯೆ, ಚಾಲಕನ ಪತ್ರ ಮುಂತಾದವು ಬೇಡವೆಂದಿರುವುದು ನಿಜ. ಆದರೆ ಹಾರಾಟವು ಹಸಿರು ವಲಯದಲ್ಲಿರಬೇಕು. ಅದರ ಮೇಲೆ ಸಂಸ್ಥೆಯ ಸ್ವಂತ ಆವರಣದಲ್ಲಿ, ಇಲ್ಲವೆ ಅದರ ಸ್ವಾಧೀನದಲ್ಲಿರುವ ಬಯಲಿನಲ್ಲಿ ಇರಬೇಕು. ೧೯೮೭ರಲ್ಲಿ ಸ್ಥಾಪಿತವಾಗಿ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯದಂತಹ ಸಂಸ್ಥೆಯೂ ಈ ವಿನಾಯಿತಿಯನ್ನು ತನ್ನ ಬೇಲಿಯೊಳಗೆ, ಅದೂ ಆಕಾಶವು ಹಸಿರಾಗಿರುವಷ್ಟು ಎತ್ತರದಲ್ಲಿ, ಪಡೆಯಬಹುದಲ್ಲದೆ ಭದ್ರಾವತಿಯ ಗುಡಿಯ ಮುಂದೆ ಪಡೆಯ ಬರುವುದಿಲ್ಲ. ಯಂತ್ರವನ್ನು ಸಂಶೋಧಿಸುವವರಿಗಾಗಿ ಮಾಡಿದ ವಿನಾಯಿತಿ ಇದು. ಯಂತ್ರದಿಂದ ಚರಿತ್ರೆಯನ್ನು ಸಂಶೋಧಿಸುವವರ ನೆನಪು ಕರಡು ಬರೆದವರಿಗೆ ಇದ್ದಂತೆ ತೋರದು. ನಿಯಮದ ಕೊರತೆಯೆಂದರೆ ಇದೇ ಎನ್ನಬಹುದು.

ಅಡಿಕೆಗೆ ಬರುವ ಕೊಳೆರೋಗಕ್ಕೆ ಔಷಧಿ ಹೊಡೆಯುವ ಡ್ರೋನುಗಳು ಹತ್ತು ಲೀಟರು ದ್ರವವನ್ನು ಹೊರಬೇಕಾದುದರಿಂದ ಮೈಕ್ರೋದ ಮಿತಿಯನ್ನು ಬಹಳವಾಗಿ ಮೀರುತ್ತವೆ. ಅವುಗಳಿಗೆ ಪ್ರಮಾಣಪತ್ರವುಳ್ಳ ಚಾಲಕನೇ ಆಗಬೇಕೆಂದಷ್ಟು ಹೇಳಿದರೆ ಇಲ್ಲಿಗೆ ಸಾಕು.

ಡ್ರೋನ್ ನಿಯಮವು ಆಕಾಶದ ಅಡ್ಡಿಯನ್ನು ತೆಗೆದರೂ ನೆಲದ ಅಡ್ಡಿಯನ್ನು ತೆಗೆಯದು. ಇದನ್ನು ಮರೆತು ಪೇಚಿಗೆ ಸಿಕ್ಕುವುದು ಬಹು ಸುಲಭ. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ಒಳಪಟ್ಟ ಸಂರಕ್ಷಿತ ಸ್ಮಾರಕಗಳಲ್ಲಿ ಡ್ರೋನಿನಿಂದ ಚಿತ್ರ ತೆಗೆಯಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯನ್ನು ಬೇರೆಯಾಗಿ ಪಡೆಯಬೇಕು. ಭದ್ರಾ ಅಭಯಾರಣ್ಯದಂತಹ ಕಡೆಗಳಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅರಣ್ಯಾಧಿಕಾರಿಗಳ ಅಪ್ಪಣೆ ಬೇಕು. ಕಾಸ್ಬಿಯ ಕೋಳಿಗಳಿಗೆ ಆದುದು ಗೂಡುಕಟ್ಟುವ ಹಕ್ಕಿಗಳಿಗೆ ಆಗದೆಂದು ಹೇಳುವಂತಿಲ್ಲ. ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆ ಬರೆಯುವವರು ಅದರ ಆವರಣದೊಳಗಿಂದ ಹಾರಿಸಬೇಕೆಂದರೆ ಆಡಳಿತದವರ ಒಪ್ಪಿಗೆಯನ್ನು ಪಡೆಯಬೇಕೆಂಬುದು ಸಾಮಾನ್ಯ ಮರ್ಯಾದೆಯೂ ಹೌದು.

ನೆಲದವರ ಹಕ್ಕುಗಳಲ್ಲಿ ಅತಿ ಸೂಕ್ಷ್ಮವಾದುದು ಖಾಸಗಿತನ. ಇದನ್ನು ಕುರಿತ ವಿಸ್ತಾರವಾದ ಪ್ರಕರಣವು ೨೦೨೧ರ ನಿಯಮಗಳಲ್ಲಿ ಇಲ್ಲ. ಇಲ್ಲವೆಂದ ಮಾತ್ರಕ್ಕೆ ಹಕ್ಕೇ ಇಲ್ಲವೆಂದಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯ ವಿರುದ್ಧ ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು, ಖಾಸಗಿತನವು ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೭೭ನೆಯ ಪ್ರಕರಣವು, ಯಾರೂ ನೋಡಲಾರರೆಂಬ ನಂಬಿಕೆಯಿಂದ ಏಕಾಂತದಲ್ಲಿರುವ ಹೆಂಗಸನ್ನು ಕದ್ದುನೋಡುವುದನ್ನೂ ಚಿತ್ರ ತೆಗೆಯುವುದನ್ನೂ ಅಪರಾಧವೆಂದು ಗಣಿಸುತ್ತದೆ. ಮಲೆನಾಡಿನ ಮನೆಗಳಲ್ಲಿ ಒಳ ಅಂಗಳವೂ ಹಿತ್ತಲೂ ಬೀದಿಯ ಕಣ್ಣಿಗೆ ಬೀಳದಂತೆ ಕಟ್ಟಿದವು. ಮೇಲಿನಿಂದ ನೋಡುವ ಕಣ್ಣನ್ನು ಕಟ್ಟಿದವರು ಎಣಿಸಿರಲಿಲ್ಲ. ಹಸಿರು ವಲಯದಲ್ಲಿ, ಎತ್ತರದ ಮಿತಿಯೊಳಗೆ, ಎಲ್ಲ ಪತ್ರಗಳನ್ನೂ ಜೇಬಿನಲ್ಲಿಟ್ಟುಕೊಂಡು ಹಾರಿಸಿದವನೂ ಈ ಪ್ರಕರಣದಿಂದ ತಪ್ಪಿಸಿಕೊಳ್ಳಲಾರನು.

ಡ್ರೋನ್ ನಿಯಮಗಳನ್ನು ಮೀರಿದವರಿಗೆ ಆ ನಿಯಮಗಳಲ್ಲಿಯೇ ೧ ಲಕ್ಷ ರೂಪಾಯಿಗಳವರೆಗೆ ದಂಡವನ್ನು ಹೇಳಿದೆ. ಅಪಘಾತವಾದರೆ ೪೮ ಗಂಟೆಗಳೊಳಗೆ ವರದಿ ಮಾಡಬೇಕು. ಮೂಲದ ೧೯೩೪ರ ಕಾಯಿದೆಯು ರದ್ದಾಗಿ ೨೦೨೪ರ ಭಾರತೀಯ ವಾಯುಯಾನ ಅಧಿನಿಯಮವು ೨೦೨೫ರ ಜನವರಿ ೧ರಿಂದ ಅದರ ಸ್ಥಾನಕ್ಕೆ ಬಂದಿದೆ. ಡ್ರೋನುಗಳಿಗಾಗಿಯೇ ಪ್ರತ್ಯೇಕವಾದ ಶಾಸನವೊಂದರ ಕರಡನ್ನೂ ಸರ್ಕಾರವು ೨೦೨೫ರ ಸೆಪ್ಟೆಂಬರಿನಲ್ಲಿ ಜನಾಭಿಪ್ರಾಯಕ್ಕಾಗಿ ಪ್ರಕಟಿಸಿತು. ಪಾಠವೂ ಬದಲಾಗುವ ಕಾಲವು ಸಮೀಪಿಸಿರಬಹುದು.

ಇಷ್ಟನ್ನು ಒಂದು ನಿದರ್ಶನಕ್ಕೆ ಹೊಂದಿಸಿ ನೋಡಬಹುದು. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳರ ಕಾಲದ್ದು. ಮೂರು ಗರ್ಭಗೃಹಗಳುಳ್ಳ ಅದರ ತ್ರಿಕೂಟವಿನ್ಯಾಸವು ನೆಲದ ಮೇಲೆ ನಿಂತು ಸುತ್ತಿದರೆ ತುಂಡುತುಂಡಾಗಿ ಮಾತ್ರ ಕಾಣುತ್ತದೆ, ಮೇಲಿನಿಂದ ಒಂದೇ ನೋಟಕ್ಕೆ ತಿಳಿಯುತ್ತದೆ. ಅದನ್ನು ಮೈಕ್ರೋ ಡ್ರೋನಿನಿಂದ ಚಿತ್ರಿಸಬೇಕೆಂದಿರುವ ಅಧ್ಯಾಪಕರು ಮೊದಲು ಸ್ಮಾರಕದ ಅನುಮತಿಗೆ ಬರೆದುಕೊಳ್ಳಬೇಕು. ಎಲ್ಲಕ್ಕಿಂತ ತಡವಾಗುವುದು ಅದೇ. ಯಂತ್ರಕ್ಕೆ ಗುರುತಿನ ಸಂಖ್ಯೆಯೂ ವಿಮೆಯೂ ಇರಬೇಕು. ಹೊರಡುವ ದಿನ ಬೆಳಗ್ಗೆ ನಕ್ಷೆಯನ್ನು ತೆರೆದು, ಗುಡಿಯು ೮ ಕಿಲೋಮೀಟರಿನ ಗೆರೆಯ ಯಾವ ಕಡೆಗಿದೆಯೆಂದೂ ಆ ದಿನ ತಾತ್ಕಾಲಿಕ ನಿಷೇಧವೇನಾದರೂ ಇದೆಯೇ ಎಂದೂ ನೋಡಬೇಕು. ಗೆರೆಯ ಹೊರಗಾದರೆ ೬೦ ಮೀಟರಿನೊಳಗೆ ಕೆಲಸ ಮುಗಿಸಬಹುದು. ಗುಡಿಯ ವಿನ್ಯಾಸವನ್ನು ತೋರಲು ಅದಕ್ಕಿಂತ ಹೆಚ್ಚು ಎತ್ತರ ಬೇಕಾಗುವುದೂ ಇಲ್ಲ. ಒಳಗಾದರೆ ಸಂಚಾರ ನಿಯಂತ್ರಣದವರ ಅನುಮತಿ ಬರುವ ತನಕ ಯಂತ್ರವು ಪೆಟ್ಟಿಗೆಯಲ್ಲಿಯೇ ಇರಬೇಕು. ತುಂಗೆ ಭದ್ರೆಗಳು ಕೂಡುವ ಕೂಡಲಿಗೆ ಹೋದವರಿಗೆ ಸೋಗಾನೆಯ ಈ ಸುತ್ತುಗಳ ತೊಡಕಿಲ್ಲ. ಆ ಕ್ಷೇತ್ರವು ೧೨ ಕಿಲೋಮೀಟರುಗಳ ಆಚೆಗಿದೆ. ನಕ್ಷೆಯಲ್ಲಿ ಬೇರೆ ಗುರುತು ಕಾಣದಿದ್ದರೆ ಸಂಗಮದ ಮೇಲೆ ೧೨೦ ಮೀಟರಿನವರೆಗೆ ಏರಿ, ಎರಡು ಹೊಳೆಗಳ ನೀರು ಒಂದರೊಳಗೊಂದು ಬೆರೆಯುವ ಎಡೆಯನ್ನು ಚಿತ್ರಿಸಿಕೊಳ್ಳಬಹುದು.